ಹಾಲು ಉಕ್ಕದ ಅಡುಗೆಮನೆ

ಬೆಳಗಿನ ಐದೂವರೆ. ಸಿಕಂದರಾಬಾದಿನ ಅಂಚಿನ ಕೆರೆಯಲ್ಲಿ ಒಂದು ಹಳೆಯ ಹಾಯಿದೋಣಿ ತೇಲುತ್ತಿದೆ. ಅದರ ಹೊಟ್ಟೆಯೊಳಗೆ ಮಂಡಿಯೂರಿ ಕುಳಿತ ಬಡಗಿ ಅಮರಯ್ಯ ಗ್ಯಾಸ್ ಒಲೆಯನ್ನು ಬೆರಳಿನಿಂದ ತಳ್ಳಿ ನೋಡುತ್ತಾರೆ. ಒಲೆ ತೊಟ್ಟಿಲಿನಂತೆ ತೂಗಿ ನಿಲ್ಲುತ್ತದೆ. ದೋಣಿ ಪಕ್ಕಕ್ಕೆ ವಾಲಿದರೂ ಪಾತ್ರೆ ನೆಟ್ಟಗಿರಲೆಂದು ಒಲೆಯನ್ನು ಎರಡು ಕೀಲುಗಳಿಗೆ ತೂಗುಹಾಕಿದ್ದಾರೆ. ದಂಡೆಯ ಮೇಲೆ ಹೆಂಡತಿ ಹಂಪಮ್ಮ ಜೋಳದ ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದಾರೆ. ಅವರು ಒಳಗೆ ಕಾಲಿಡುತ್ತಾರೋ ಇಲ್ಲವೋ ಎಂಬುದೇ ಇವತ್ತಿನ ಪ್ರಶ್ನೆ.

ಅಮರಯ್ಯ ಸುರಪುರ ಕಡೆಯವರು. ಇಪ್ಪತ್ತಾರು ವರ್ಷದ ಹಿಂದೆ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದು ಬಡಗಿಯಾದರು. ಈಗ ದಿನವೂ ಮೆಟ್ರೊ ಹತ್ತಿ ಮಿಯಾಪುರಕ್ಕೆ ಹೋಗಿ, ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆ ಕೂಡಿಸುತ್ತಾರೆ. ಎಷ್ಟು ಮಾಡಿದ್ದೀರಿ ಎಂದರೆ, "ಮುನ್ನೂರು ದಾಟ್ಯಾವ್ರಿ. ಒಂದ್ರಾಗೂ ನಮ್ಮಾಕಿ ಚಾ ಕಾಸಿಲ್ಲ" ಎನ್ನುತ್ತಾರೆ. ಅವರ ಬಾಡಿಗೆ ಖೋಲಿಯಲ್ಲಿ ಅಡುಗೆಮನೆ ಎಂದರೆ ಬಾಗಿಲ ಹಿಂದಿನ ಮೂಲೆ. ಗಂಡ ಬಾಗಿಲು ತೆರೆದಾಗಲೆಲ್ಲ ಹಂಪಮ್ಮ ಒಲೆ ಸರಿಸಬೇಕು.

ದೋಣಿ ರೈಲ್ವೆಯಿಂದ ನಿವೃತ್ತರಾದ ಅಂಬಾದಾಸರದ್ದು. ಮಂಡಿನೋವು ಹೆಚ್ಚಾದಾಗ, ಒಡೆದು ಕಟ್ಟಿಗೆ ಮಾಡಿಕೊ ಎಂದು ಅಮರಯ್ಯನವರಿಗೆ ಕೊಟ್ಟುಬಿಟ್ಟರು. ಗರಗಸ ಹಿಡಿದು ಒಳಗಿಳಿದರೆ ಕಂಡದ್ದು ತುಕ್ಕು ಹಿಡಿದ ಒಲೆ, ಮುರಿದ ಕಪಾಟು. "ಅಯ್ಯ, ಇಲ್ಲೂ ಒಂದು ಅಡಗಿಮನಿ ಐತಲ್ಲ ಅನಸ್ತ್ರಿ. ಗರಗಸ ಹಂಗ ಚೀಲಕ್ಕ ಹಾಕಿದೆ." ಐದಡಿ ಉದ್ದ, ನಾಲ್ಕಡಿ ಅಗಲದ ಆ ಜಾಗಕ್ಕೆ ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಎರಡು ತಾಸು ಕೊಡುತ್ತಿದ್ದಾರೆ. ನೋಡಿ ಬರೆಯಲೆಂದು ಬಂದ ನನಗಂತೂ ಪ್ರತಿ ಕಪಾಟಿನ ಚಿಲಕ ತೆಗೆದು ಹಾಕಿ ನೋಡುವ ಹುಚ್ಚು ಹತ್ತಿತು.

ಇಷ್ಟು ನುರಿತ ಕೈಯೂ ಒಮ್ಮೆ ಎಡವಿದೆ. ದೋಣಿ ದಂಡೆಯಲ್ಲಿ ದಿಮ್ಮಿಗಳ ಮೇಲಿದ್ದಾಗ, ಫ್ಲಾಟಿನಲ್ಲಿ ಮಾಡುವಂತೆಯೇ ಲೆವೆಲ್ ಪಟ್ಟಿಯ ಗುಳ್ಳೆ ನೋಡಿ ಕಟ್ಟೆಯನ್ನು ಸಪಾಟಾಗಿ ಕೂಡಿಸಿದ್ದರು. ನೀರಿಗಿಳಿದ ದೋಣಿ ಮೂಗು ತಗ್ಗಿಸಿತು, ಕಟ್ಟೆ ಎರಡು ಬೆರಳು ಇಳಿಜಾರಾಯಿತು. ಸಾರಿನ ಪಾತ್ರೆ ಜಾರಿ ಹಂಪಮ್ಮನ ಮಡಿಲಿಗೆ ಬಿತ್ತು. ಪುಣ್ಯಕ್ಕೆ ಸಾರು ಆರಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಇನ್ನು ಈ ದೋಣಿಗೆ ಕಾಲಿಡುವುದಿಲ್ಲ ಎಂದು ಹಂಪಮ್ಮ ಅಂದೇ ಹೇಳಿಬಿಟ್ಟರು.

"ತಪ್ಪು ನಂದ್ರಿ. ನೀರಿನ ಮ್ಯಾಲಿನ ಮನಿಗೆ ನೆಲದ ಮಟ್ಟ ಹಿಡದೆ" ಎನ್ನುತ್ತಾರೆ ಅಮರಯ್ಯ. ಆಮೇಲೆ ದೋಣಿ ತೇಲುತ್ತಿರುವಾಗಲೇ ಅಗಲವಾದ ಪರಾತದ ತಟ್ಟೆಯಲ್ಲಿ ನೀರು ತುಂಬಿಟ್ಟು, ಅದು ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದರು. ಎಲ್ಲವನ್ನೂ ಬಿಚ್ಚಿ ಮತ್ತೆ ಕೂಡಿಸಿದರು. ಕಟ್ಟೆಯ ಅಂಚಿಗೆ ಬೆರಳೆತ್ತರದ ಪಟ್ಟಿಯೂ ಬಂತು.

ಹಂಪಮ್ಮ ಕೊನೆಗೂ ಇಳಿಯುತ್ತಾರೆ. ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ಕಟ್ಟೆಯ ನಡುವೆ ಇಡುತ್ತಾರೆ. ಅಮರಯ್ಯ ಬಗ್ಗಿ ನೋಡುತ್ತಾರೆ, ನಾನೂ. ನಿಂಬೆಹಣ್ಣು ಅಲುಗಾಡಿ ಅಲ್ಲೇ ನಿಲ್ಲುತ್ತದೆ. ಹಂಪಮ್ಮ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ನನಗೆ ಚಪ್ಪಾಳೆ ಹೊಡೆಯಬೇಕೆನಿಸುವಷ್ಟು ಖುಷಿಯಾಗುತ್ತದೆ.

"ತಂಗಿ, ಮೊದಲು ಹಾಲು ಉಕ್ಕಿಸ್ರಿ. ಹೊಸ ಅಡಗಿಮನಿ ಅದ" ಎಂದು, ಇವತ್ತು ದೋಣಿ ನಡೆಸಲು ಬಂದು ಮೇಲೆ ಚುಕ್ಕಾಣಿ ಹಿಡಿದು ಕುಳಿತ ಅಂಬಾದಾಸರು ಕೂಗುತ್ತಾರೆ. ಅಮರಯ್ಯನವರ ಮುಖ ಸಪ್ಪಗಾಗುತ್ತದೆ. ಉಕ್ಕಿದ ಹಾಲು ಹಲಗೆಯ ಸಂದಿಗೆ ಇಳಿದರೆ ವಾಸನೆ ಹೋಗುವುದಿಲ್ಲ. ಶಾಸ್ತ್ರ ಬಿಡುವಂತೆಯೂ ಇಲ್ಲ.

ಹಂಪಮ್ಮ ಹಿಟ್ಟು ನಾದುತ್ತಲೇ ಹೇಳುತ್ತಾರೆ: "ಹಾಲು ಯಾಕ್ರಿ ಅಣ್ಣಾರ? ಅವತ್ತ ಸಾರು ಚೆಲ್ಲಿ ಶಾಸ್ತ್ರ ಮುಗದೈತಿ."

ರೊಟ್ಟಿ ಬಡಿಯುವ ಸದ್ದು ಕೆರೆಯ ಮೇಲೆ ಕೇಳುತ್ತದೆ. ಇದನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಅಮರಯ್ಯನವರನ್ನು ಕೇಳುತ್ತೇನೆ.

"ಎಲ್ಲಿಗೂ ಇಲ್ರಿ. ಐತವಾರಕ್ಕೊಮ್ಮೆ ಕೆರಿ ಒಂದು ಸುತ್ತು. ನಾ ಒಳಗ ಬಂದ್ರ ಆಕಿ ಒಲಿ ಸರಸಬಾರ್ದು, ಅಷ್ಟ."