ತುಂಡಾದ ತಂತಿಯ ಗಾಂಧಾರ

ತಂತಿಯಿಲ್ಲದೆ ಸ್ವರ ಹೊರಡುತ್ತದೆ ಎಂದು ಯಾರಾದರೂ ಹೇಳಿದ್ದರೆ, ಆ ಸಂಜೆಯವರೆಗೆ ನಾನು ನಕ್ಕುಬಿಡುತ್ತಿದ್ದೆ. ಇಂಥ ಕತೆ ಹೇಳುವವರ ಬೇಳೆ ನನ್ನ ಹತ್ತಿರ ಬೇಯುತ್ತಿರಲಿಲ್ಲ. ನೀವು ನಂಬಬೇಕೆಂಬ ಹಟ ಈಗಲೂ ಇಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಅರುವತ್ತರ ದಶಕ. ಪುತ್ತೂರಿನ ಇಗರ್ಜಿಯಲ್ಲಿ ಕ್ರೈಸ್ತ ಭಕ್ತಿಗೀತೆ ಹಾಡಿಸುವ ಮಾಸ್ತರರೊಬ್ಬರಿಂದ ಗಿಟಾರ್ ಕಲಿತಿದ್ದೆ. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಕಾರ್ಡ್. ಅದರಲ್ಲಿ ಗಾಂಧಾರ ಇರಬೇಕಾದಲ್ಲಿ ಮಧ್ಯಮ ಹಿಡಿದರೆ ಅದು ಸಸ್ಪೆಂಡೆಡ್ ಕಾರ್ಡ್. ಕೇಳುವವರಿಗೆ ಏನೋ ಬರಲಿಕ್ಕಿದೆ ಅನಿಸುತ್ತದೆ. ಬೆರಳೆತ್ತಿ ಗಾಂಧಾರಕ್ಕೆ ಇಳಿದರೆ ಮನಸ್ಸು ಹಗುರ. ನನಗೆ ಇದರ ಹುಚ್ಚೇ ಹಿಡಿದಿತ್ತು.

ನಮ್ಮ ನಾಟಕ ತಂಡದಲ್ಲಿ ಹಾರ್ಮೋನಿಯಂ ಬಾರಿಸುವ ಶೀನಣ್ಣನಿಗೆ ಗಿಟಾರ್ ಕಂಡರಾಗದು. "ಅರ್ಧದಲ್ಲಿ ನಿಲ್ಲಿಸುದು ಎಂತ ಸಂಗೀತ ಮಾರಾಯ?" ಎನ್ನುತ್ತಿದ್ದರು. ಬೆಳ್ಳಾರೆಯ ನಾಟಕದಲ್ಲಿ ಗಿಟಾರ್ ನುಡಿಸಲು ತಂಡದವರು ನನಗೊಂದು ದೃಶ್ಯ ಕೊಟ್ಟರು. ಅದು ಕೆಟ್ಟರೆ ಗಿಟಾರ್ ತಂಡದಿಂದ ಹೊರಗೆ. ಎರಡು ವಾದ್ಯಗಳ ಶ್ರುತಿ ಕೂಡುತ್ತಿರಲಿಲ್ಲವಾದ್ದರಿಂದ ನನ್ನ ಸರದಿಯಲ್ಲಿ ಅವರು ಹಾರ್ಮೋನಿಯಂ ಮುಚ್ಚಿ ಕೊಕ್ಕೆ ಹಾಕಿಡುವುದೆಂದಾಯಿತು.

ಮಿಲಿಟರಿಗೆ ಹೋದ ಮಗನಿಗಾಗಿ ತಾಯಿ ಬಾಗಿಲಲ್ಲಿ ಕಾಯುವ ದೃಶ್ಯ. ನಾನು ಮಧ್ಯಮವನ್ನೇ ಹಿಡಿದು ಮೆಲ್ಲಗೆ ಮೀಟುತ್ತಾ ಹೋದೆ. ಗಲಾಟೆಯ ಸಭೆ ಮೌನವಾಯಿತು. ಮಗ ರಂಗಕ್ಕೆ ಕಾಲಿಡಬೇಕು, ನಾನು ಗಾಂಧಾರಕ್ಕೆ ಇಳಿಯಬೇಕು, ಆಗಲೇ ಮೊದಲ ತಂತಿ ತುಂಡಾಯಿತು. ಮಧ್ಯಮ, ಗಾಂಧಾರ ಎರಡೂ ಅದೇ ತಂತಿಯಲ್ಲಿದ್ದವು. ಮುಗಿಯಿತು ನನ್ನ ಕತೆ ಅಂದುಕೊಂಡೆ. ಆದರೂ ರೂಢಿಯಿಂದ ಬೆರಳೆತ್ತಿ ಉಳಿದ ತಂತಿಗಳನ್ನು ಮೀಟಿದೆ.

ಗಾಂಧಾರ ಕೇಳಿಸಿತು. ಸ್ಪಷ್ಟವಾಗಿ, ತುಂಬುಕಂಠದಲ್ಲಿ ಹಾಡಿದಂತೆ. ತಾಯಿಯ ವೇಷದವನು ನಿಜವಾಗಿಯೂ ಅತ್ತುಬಿಟ್ಟ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅಷ್ಟು ಸಂತೋಷವನ್ನು ನಾನು ಮತ್ತೆಂದೂ ಕಂಡಿಲ್ಲ.

ಪರದೆ ಬಿದ್ದದ್ದೇ ಶೀನಣ್ಣನ ಕೈ ಹಿಡಿದು, ಗಾಂಧಾರ ನುಡಿಸಿ ಮಾನ ಉಳಿಸಿದಿರಿ ಎಂದೆ. ಅವರು ಹಾರ್ಮೋನಿಯಂ ಪೆಟ್ಟಿಗೆ ತೋರಿಸಿದರು. ಕೊಕ್ಕೆ ಹಾಕಿದ ಹಾಗೆಯೇ ಇತ್ತು.

"ನಾನು ಮುಟ್ಟಲಿಲ್ಲ. ಆದರೆ ಕೇಳಿದ್ದು ಹೌದು. ನಾಳೆಯಿಂದ ನನ್ನ ಹತ್ತಿರವೇ ಕೂತ್ಕೊ."

ಉಳಿದ ತಂತಿಗಳ ಅನುರಣನ ಇರಬಹುದು ಎಂದು ತಿಳಿದವರು ಹೇಳಿದರು. ಮೊದಲ ತಂತಿ ಬಿಚ್ಚಿಟ್ಟು ಎಷ್ಟೋ ಸಲ ಮೀಟಿ ನೋಡಿದ್ದೇನೆ, ಬರುವುದಿಲ್ಲ. ಯಾರು ನುಡಿಸಿದರೋ ನನಗಿನ್ನೂ ಗೊತ್ತಿಲ್ಲ.

ಆಮೇಲೆ ಸುಳ್ಯ, ಕಡಬ, ಕರೆದಲ್ಲೆಲ್ಲ ಆ ನಾಟಕ ಆಡಿದೆವು, ಎಲ್ಲೆಡೆಯೂ ಗೆದ್ದೆವು. ಆ ದೃಶ್ಯ ಬಂದಾಗ ಶೀನಣ್ಣ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಹೊಸ ತಂತಿಯಲ್ಲಿ ಗಾಂಧಾರ ನುಡಿಸಿದ ಮೇಲೂ ತೆರೆಯುತ್ತಿರಲಿಲ್ಲ. ಅದಲ್ಲ, ಇನ್ನೊಂದಕ್ಕೆ ಕಾಯುತ್ತಿದ್ದರು.