ಎರಡನೆಯ ಪೆಂಗ್ವಿನ್

ಕೃಷ್ಣಾನಂದರು ಯಾವುದನ್ನೂ ಪೂರ್ತಿ ಮಾಡಿ ಮುಗಿಸಿದವರಲ್ಲ. ಏನು ಮಾಡಿದರೂ ಮುಂದಕ್ಕೆಂದು ಜಾಗ ಬಿಟ್ಟೇ ಮಾಡುವವರು. ಉಡುಪಿಯ ಹತ್ತಿರ ಕಟ್ಟಿಸಿದ ಮನೆಯ ತಾರಸಿಯಲ್ಲಿ ಮೇಲಂತಸ್ತಿಗೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿದು ನಿಂತಿದ್ದವು. ಮಗಳು ಶಾಲಿನಿಗೆ ಫ್ರಾಕ್ ತಂದರೆ ದೊಡ್ಡ ಅಳತೆಯದೇ ತರುವರು. ಅದು ಮೈಗೆ ಸರಿಯಾಗುವ ಹೊತ್ತಿಗೆ ಬಣ್ಣ ಹೋಗಿರುತ್ತಿತ್ತು. ಹೆಂಡತಿ ಸುಮಿತ್ರ ಶಾಲೆಯ ಕೆಲಸ ಬಿಟ್ಟು ಅವರ ಹಿಂದೆ ಊರೂರು ತಿರುಗಿದವಳು. ಕೇಂದ್ರ ಸರ್ಕಾರದ ನೌಕರಿ, ವರ್ಗಾವಣೆ ತಪ್ಪಿದ್ದಲ್ಲ. "ಮತ್ತೆ ಕೆಲಸಕ್ಕೆ ಸೇರಲಾ?" ಎಂದು ಅವಳು ಕೇಳಿದಾಗಲೆಲ್ಲ "ಆಮೇಲೆ ನೋಡುವ" ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆಮೇಲೆ ಎಂಬುದು ಖಂಡಿತ ಬಂದೇ ಬರುತ್ತದೆ ಎಂದು ನಂಬಿದ್ದರು, ಅಷ್ಟೇ.

ಕೊಚ್ಚಿಗೆ ಬಂದ ಮೇಲೆ ಅವರಿಗೆ, ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಲಿನಕ್ಸಿನ ಹುಚ್ಚು ಹಿಡಿಯಿತು. ಹಿಡಿಸಿದವನು ಅಲ್ವಿನ್, ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿದ್ದ ಮಂಗಳೂರಿನ ಹುಡುಗ. 2001ರಲ್ಲಿ ಇಬ್ಬರೂ ಎರ್ನಾಕುಲಂನ ಅಂಗಡಿಯೊಂದಕ್ಕೆ ಹೋಗಿ, ಕಂಪ್ಯೂಟರಿನ ಮಿದುಳೆನ್ನುವ ಪ್ರೊಸೆಸರನ್ನು ಒಂದರ ಬದಲು ಎರಡು ಕೂರಿಸಬಹುದಾದ ಮದರ್‌ಬೋರ್ಡನ್ನು ಒಂದೊಂದು ಆರಿಸಿದರು. ಅದಕ್ಕೆ ಹೊಂದುವ ಪ್ರೊಸೆಸರು ಅಂಗಡಿಯಲ್ಲಿ ಎರಡೇ ಇದ್ದವು.

"ಜೋಡಿ ಮುರಿಬೇಡಿ ಸಾರ್," ಎಂದ ಅಂಗಡಿಯ ಕಮಲಾಕ್ಷ. ಕಾಸರಗೋಡಿನವನು, ಕನ್ನಡ ಬಲ್ಲವನು. "ಒಂದು ಬೋರ್ಡಿಗೆ ಎರಡೂ ಒಂದೇ ನಮೂನೆಯದ್ದು ಬೇಕು. ಮತ್ತೆ ಸಿಕ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ."

"ಈಗ ಒಂದೊಂದು ಸಾಕು ಮಾರಾಯ. ಇನ್ನೊಂದು ಆಮೇಲೆ ಹಾಕುವ," ಎಂದರು ಕೃಷ್ಣಾನಂದ. ಹಿರಿಯರ ಮಾತೆಂದು ಅಲ್ವಿನ್ನೂ ತಲೆಯಾಡಿಸಿದ.

ಕೊಚ್ಚಿಯ ಹತ್ತಿರದ ಏಲೂರಿನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ ಎದ್ದು ನಿಂತಿತು. ಶುರುವಾಗುವಾಗ ಪರದೆಯ ಮೂಲೆಯಲ್ಲಿ ಲಿನಕ್ಸಿನ ಗುರುತಾದ ಪೆಂಗ್ವಿನ್ ಹಕ್ಕಿ ಕಾಣಿಸುತ್ತಿತ್ತು. ಎಷ್ಟು ಪ್ರೊಸೆಸರೋ ಅಷ್ಟು ಪೆಂಗ್ವಿನ್ನು. ಇವರದರಲ್ಲಿ ಒಂದೇ. ಮನೆಗೆ ಬಂದವರಿಗೆಲ್ಲ ಅದರ ಪಕ್ಕದ ಜಾಗವನ್ನು ಬೆರಳಿಟ್ಟು ತೋರಿಸಿ "ಇಲ್ಲಿ ಇನ್ನೊಂದು ಬರ್ಲಿಕ್ಕುಂಟು" ಎನ್ನುವರು. ಬಂದವರು ಪಾಪ, ಚಹಾ ಕುಡಿಯುತ್ತ ಆ ಖಾಲಿ ಜಾಗವನ್ನು ಮೆಚ್ಚಿ ಹೋಗುವರು.

ಮುಂದೆ ಆಫೀಸಿನವರು ಗುಜರಿಗೆ ಹಾಕಿದ ಐದು ಕಂಪ್ಯೂಟರುಗಳನ್ನು ತಂದು ಅದಕ್ಕೆ ಜೋಡಿಸಿದರು. ಐದಕ್ಕೂ ಸ್ವಂತ ಹಾರ್ಡ್ ಡಿಸ್ಕ್ ಇಲ್ಲ. ಎಲ್ಲದಕ್ಕೂ ದೊಡ್ಡ ಯಂತ್ರದ ಮುಖ ನೋಡುವಂಥವು. ಅವುಗಳಲ್ಲಿ ಸುಮಿತ್ರ ತಾನು ಕಲಿತಳು, ಮತ್ತೆ ಓಣಿಯ ಹೆಂಗಸರಿಗೆ ಕಲಿಸತೊಡಗಿದಳು. ಜುಬೈದಾ, ರಾಜೀವಿ ಮುಂತಾಗಿ ಐವರು. ಗೇಟಿನಿಂದಲೇ ಅವರು "ಟೀಚರೇ" ಎಂದು ಕೂಗಿದರೆ ಅವಳ ಮುಖ ಅರಳುತ್ತಿತ್ತು. ಮದುವೆಯಾದ ಮೇಲೆ ಅವಳದೆಂದು ಹೇಳಿಕೊಳ್ಳಲು ಸಿಕ್ಕಿದ್ದು ಇದೊಂದೇ.

ಒಬ್ಬಿಬ್ಬರು ಕೂತರೆ ತೊಂದರೆಯಿಲ್ಲ. ಐವರೂ ಕೂತರೆ ಯಂತ್ರ ಏದುಸಿರು ಬಿಡುತ್ತಿತ್ತು. ಅಕ್ಷರ ಒತ್ತಿ ಕೈಕಟ್ಟಿ ಕಾಯಬೇಕು. "ಟೀಚರೇ, ನನ್ನ ಹೆಸರು ಇನ್ನೂ ದಾರಿಯಲ್ಲೇ ಇದೆ" ಎಂದು ರಾಜೀವಿ ಮಲಯಾಳದಲ್ಲಿ ಹೇಳಿ ನಗುತ್ತಿದ್ದಳು. ಬರಬರುತ್ತ ನಗುವುದನ್ನೂ ಬಿಟ್ಟಳು.

"ಆ ಇನ್ನೊಂದು ಹಾಕಿ ಮಾರಾಯ್ರೆ," ಎಂದಳು ಸುಮಿತ್ರ. "ಇಲ್ಲದಿದ್ರೆ ನನ್ನ ಕ್ಲಾಸು ಉಳಿಯುದಿಲ್ಲ."

ಕೃಷ್ಣಾನಂದರು ಅಂಗಡಿಗೆ ಓಡಿದರು. ಆ ಜಾತಿಯ ಪ್ರೊಸೆಸರಿನ ಕಾಲವೇ ಮುಗಿದಿತ್ತು. ಹೊಸದು ಆ ಬೋರ್ಡಿನಲ್ಲಿ ಕೂರುವುದಿಲ್ಲ. ಬೆಂಗಳೂರಿನಿಂದ ಹಳೆಯದೊಂದನ್ನು ತರಿಸಿದರು. ವೇಗ ಬೇರೆ, ಯಂತ್ರ ಕಣ್ಣೇ ಬಿಡಲಿಲ್ಲ. "ಇದರ ಜೋಡಿ ಎಲ್ಲುಂಟು ಅಂತ ನಿಮಗೆ ಗೊತ್ತುಂಟಲ್ಲ," ಎಂದ ಕಮಲಾಕ್ಷ. ಗೊತ್ತಿತ್ತು. ತಿರುವನಂತಪುರದಲ್ಲಿ, ಅಲ್ವಿನ್ನನ ಯಂತ್ರದಲ್ಲಿ. ಅದನ್ನು ಕೇಳುವುದೆಂದರೆ ಅವನ ಯಂತ್ರದ ಜೀವ ಕೇಳಿದಂತೆ. ಫೋನ್ ಮಾಡುವರು, "ಹೇಗಿದ್ದಿ, ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುವರು. ಅಷ್ಟರಲ್ಲಿ ಜಂಕ್ಷನ್ನಿನಲ್ಲಿ ಏಸಿ ಹಾಕಿದ ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ಬಂತು. ಮೊದಲು ಜುಬೈದಾ ಹೋದಳು, ಕೊನೆಗೆ ರಾಜೀವಿ. ಕೃಷ್ಣಾನಂದರು ಮುಂದಿನ ಕೋಣೆಯಲ್ಲಿ ಕೂತು ಒಂದೊಂದೇ ಕುರ್ಚಿ ಖಾಲಿಯಾಗುವುದನ್ನು ನೋಡಿದರು. ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಯಾರಿಂದಲೋ ವಿಷಯ ತಿಳಿದ ಅಲ್ವಿನ್ ಒಂದು ಭಾನುವಾರ ತಾನಾಗಿ ಬಂದ. ಕೈಯಲ್ಲೊಂದು ಟಿಫಿನ್ ಡಬ್ಬಿ. ಒಳಗೆ ಸ್ಪಂಜಿನ ಮೇಲೆ ಅವನ ಪ್ರೊಸೆಸರ್.

"ನನ್ನದರ ಕೆಲಸ ಮುಗೀತು ಕೃಷ್ಣಣ್ಣ, ನೀವು ಯೋಚನೆ ಮಾಡ್ಬೇಡಿ," ಎಂದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಪ್ರೊಸೆಸರ್ ಕೂರಿಸಿ, ಪೇಸ್ಟ್ ಸವರಿ, ಫ್ಯಾನಿನ ಕ್ಲಿಪ್ಪನ್ನು ಉಸಿರು ಬಿಗಿಹಿಡಿದು ಒತ್ತಿದರು. ಎರಡನ್ನೂ ದುಡಿಸಲು ಲಿನಕ್ಸಿನ ತಿರುಳನ್ನೇ ಹೊಸದಾಗಿ ಕಟ್ಟಬೇಕು. ಅದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಮತ್ತೆ ಶುರು ಮಾಡಿದರು. ಮೂಲೆಯಲ್ಲಿ ಪೆಂಗ್ವಿನ್ ಬಂತು. ಅದರ ಪಕ್ಕದಲ್ಲೇ ಇನ್ನೊಂದು.

"ಸುಮಿತ್ರಾ! ಬಾ ಇಲ್ಲಿ, ಎರಡು ಬಂತು!" ಕೃಷ್ಣಾನಂದರು ಅಡಿಗೆಮನೆಯತ್ತ ಕೂಗಿದರು.

ಸುಮಿತ್ರ ಸೆರಗಿಗೆ ಕೈ ಒರೆಸುತ್ತ ಬಂದಳು. ಐದು ಕಂಪ್ಯೂಟರಿನ ಮುಂದೆಯೂ ಒಂದೊಂದಾಗಿ ಕೂತು ಟೈಪ್ ಮಾಡಿದಳು. ಒತ್ತಿದ ಅಕ್ಷರ ಒತ್ತಿದ ಕೂಡಲೇ ಬಂತು.

"ಭಾರಿ ಲಾಯ್ಕಾಗಿದೆ," ಎಂದಳು.

"ನಾಳೆಯೇ ಎಲ್ಲರನ್ನೂ ಕರಿ."

"ಅವರೆಲ್ಲ ಇನ್‌ಸ್ಟಿಟ್ಯೂಟಿಗೆ ಹೋಗ್ತಾರಲ್ಲ."

"ನೀನು ಕರೆದ್ರೆ ಬರ್ತಾರೆ."

ಸುಮಿತ್ರ ಅಲ್ವಿನ್ನನ ಕಡೆ ನೋಡಿದಳು, ಮತ್ತೆ ಗಂಡನ ಕಡೆ. "ನಾಳೆಯಿಂದ ನಾನೂ ಅಲ್ಲೇ. ರಾಜೀವಿ ಹೇಳಿದ್ದಳು, ಹೋಗಿ ಕೇಳಿದೆ. ಟೀಚರಾಗಿ ತಗೊಂಡಿದ್ದಾರೆ."

"ನನಗೊಂದು ಮಾತು ಹೇಳ್ಲಿಲ್ಲ ನೀನು."

"ಆಮೇಲೆ ಹೇಳುವ ಅಂತ ಇದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಅಲ್ವಿನ್ನನಿಗೆ ಚಹಾ ಮಾಡಲು ಒಳಗೆ ಹೋದಳು. ಅಲ್ವಿನ್ ಖಾಲಿ ಟಿಫಿನ್ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆದು ಹಾಕುತ್ತ ಕೂತಿದ್ದ. ನಿನ್ನ ಪ್ರೊಸೆಸರ್ ವಾಪಸು ಕೊಡುತ್ತೇನೆ ಎನ್ನಲು ಕೃಷ್ಣಾನಂದರಿಗೆ ಬಾಯಿ ಬರಲಿಲ್ಲ, ಇಟ್ಟುಕೊಳ್ಳುತ್ತೇನೆ ಎನ್ನಲೂ ಬರಲಿಲ್ಲ.