ಡಿಕ್ಕಿಯೊಳಗಿನ ತಂಪು ಯಂತ್ರ

ಆ ಕಾರನ್ನು ನನ್ನ ಗಂಡ ಕೊಂಡದ್ದು ಸೊಲ್ಲಾಪುರದ ಒಬ್ಬ ಗಿರಣಿ ಮಾಲೀಕರ ಮನೆಯಿಂದ. ಅರವತ್ತರ ದಶಕದ ನಡುವಿನ ಮಾತು. ಕಾರು ಮಾತ್ರ ಅದಕ್ಕಿಂತ ಹತ್ತು-ಹನ್ನೆರಡು ವರ್ಷ ಹಳೆಯದು. ವಿಲಾಯತಿ ಗಾಡಿ, ನಮ್ಮ ಓಣಿಯಲ್ಲಿ ತಿರುಗಿಸಲಿಕ್ಕೆ ಆಗದಷ್ಟು ಉದ್ದ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಮನೆಯ ಮುಂಭಾಗದಲ್ಲೇ ಗಂಡನ ಅಂಗಡಿ. ಬಾವಿಗೆ ಕೂಡಿಸುವ ಆಯಿಲ್ ಇಂಜಿನ್, ಪಂಪು, ಪಟ್ಟಾ ಮಾರುತ್ತಿದ್ದರು. ತಿಕೋಟಾ, ಬಬಲೇಶ್ವರ, ಕನಮಡಿ ಕಡೆಯ ಹೊಲಗಳಿಗೆ ಹೋಗಿ ಇಂಜಿನ್ ಕೂಡಿಸಿಯೂ ಬರುತ್ತಿದ್ದರು. ಅದಕ್ಕೆಂದೇ ಗಾಡಿ ಬೇಕಾಗಿತ್ತು.

ಅದರ ಡಿಕ್ಕಿಯಲ್ಲಿ ತಂಪು ಗಾಳಿಯ ಯಂತ್ರವಿತ್ತು. ಎರಡು ಪಾರದರ್ಶಕ ಕೊಳವೆಗಳು ಹಿಂದಿನ ಗಾಜಿಗೆ ಒತ್ತಿಕೊಂಡು ಮೇಲೇರಿ ಛತ್ತಿನೊಳಗೆ ಸೇರುತ್ತಿದ್ದವು. ಅಲ್ಲಿರುವ ಸಣ್ಣ ಜಾಲರಿಗಳಿಂದ ತಂಪು ಗಾಳಿ ನಮ್ಮ ತಲೆಯ ಮೇಲೆ ಬೀಳಬೇಕು. ಒಮ್ಮೆಯೂ ಬಿದ್ದಿರಲಿಲ್ಲ. ಗಂಡ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. "ಖಿಡಕಿ ತಗದ್ರ ಗಾಳಿ ಬರ್ತೈತಿ, ಅದನ್ನೇನ್ ಮಾಡೂದೈತಿ?" ಎಂದು ನಗುತ್ತಿದ್ದರು. ಡಿಕ್ಕಿಯಲ್ಲಿ ಜಾಗ ತಿನ್ನುತ್ತದೆ ಎಂಬುದೊಂದೇ ಅವರ ತಕರಾರು.

ಒಂದು ಬೇಸಿಗೆಯಲ್ಲಿ ನಾನು ಕೂಸನ್ನು ಕರೆದುಕೊಂಡು ತವರಿಗೆ, ಘೋಣಸಗಿಗೆ ಹೋಗಿದ್ದೆ. ಮಗಳಿಗೆ ಆಗ ಒಂದೂವರೆ ವರ್ಷ. ಅಲ್ಲಿ ಜ್ವರ ಬಂತು. ಇಳಿಯಿತು, ಮತ್ತೆ ಬಂತು. ಕತ್ತು ಸೆಟೆಯಲು ಶುರುವಾದಾಗ ಅಪ್ಪ ಆಳು ಕಳಿಸಿ ಇವರನ್ನು ಕರೆಸಿದರು. ಇವರು ಬಂದು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ತಡ ಮಾಡದೆ ಹೊರಟೆವು. ನಾನು ಹಿಂದೆ, ಕೂಸು ನನ್ನ ತೊಡೆಯ ಮೇಲೆ. ಗಾಜು ಇಳಿಸಿದರೆ ಬಿಸಿ ಧೂಳು ಒಳಗೆ, ಏರಿಸಿದರೆ ಉಸಿರು ಕಟ್ಟುತ್ತಿತ್ತು.

ತಿಕೋಟಾ ಬರುವ ಮೊದಲೇ ಕೂಸಿನ ಮೈ ಒಮ್ಮೆ ಗಟ್ಟಿಯಾಗಿ, ಆಮೇಲೆ ಸಡಿಲಾಯಿತು. ಎದೆ ಏಳಲಿಲ್ಲ. ನನಗೆ ಗೊತ್ತಾಯಿತು. ನಾನು ಏನೂ ಅನ್ನಲಿಲ್ಲ. ತಿಕೋಟಾ ದಾಟಿದ ಮೇಲೆ ಇಂಜಿನ್ ಕಾದು, ಮುಂದಿನಿಂದ ಉಗಿ ಎದ್ದಿತು. ಗಂಡ ಗಾಡಿ ನಿಲ್ಲಿಸಿ, ಒಂದು ಹೊಲದ ಬಾವಿಗೆ ಓಡಿಹೋಗಿ ನೀರು ತಂದರು. ಇಂಜಿನ್ ಆರುವವರೆಗೆ ಕಾಯಬೇಕು, ನೀರು ಹಾಕಬೇಕು. ಕಾಯುತ್ತಾ ನಾಲ್ಕು ಸಲ ಕಿಟಕಿಯ ಹತ್ತಿರ ಬಂದು, "ಹೆಂಗ ಐತಿ?" ಅಂದರು. "ಮಲಗೇತಿ" ಅಂದೆ.

ದವಾಖಾನೆಯಲ್ಲಿ ಡಾಕ್ಟರು, ಜ್ವರ ಮಿದುಳಿಗೆ ಏರಿತ್ತು, ಎರಡು ದಿನ ಮೊದಲು ತಂದಿದ್ದರೂ ಕಷ್ಟವೇ ಇತ್ತು ಎಂದು ಹೇಳಿದರು. ಗಂಡನ ಕಿವಿಗೆ ಅದು ಬೀಳಲಿಲ್ಲ. ಹೊರಗೆ ಬಂದು, ದವಾಖಾನೆಗೆ ಓಡಿ ಬಂದಿದ್ದ ಅತ್ತೆಯ ಮುಂದೆ, "ಗಾಡಿ ಬೆಂಕಿ ಆಗಿತ್ತಬೇ. ಕೂಸು ಕಾವಿಗೆ ಬಾಡಿ ಹೋತು" ಎಂದುಬಿಟ್ಟರು. ಆಮೇಲೆ ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ.

ಅತ್ತೆ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದರು. ಬಂದವರು ಅತ್ತು ಹೋದರು. ನನಗೆ ಅಳು ಬರಲಿಲ್ಲ. ಅಳು ತಡೆದುಕೊಂಡಿದ್ದೇನೆ ಎಂದು ಅವರೆಲ್ಲ ತಿಳಿದರು. ತಡೆಯುವಂಥದ್ದು ಏನೂ ಇರಲಿಲ್ಲ. ತಾಟು ಮುಂದಿಟ್ಟರೆ ಉಣ್ಣುತ್ತಿದ್ದೆ, ಕರೆದರೆ ಹೂಂ ಅನ್ನುತ್ತಿದ್ದೆ. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ತಿಂದರೂ ತಿಳಿಯುತ್ತಿರಲಿಲ್ಲ. ಅತ್ತೆಯೇ ರುಚಿ ನೋಡಿ, ಸುಮ್ಮನೆ ಉಪ್ಪು ಉದುರಿಸುತ್ತಿದ್ದರು.

ತಿಂಗಳು ಕಳೆದಿರಬೇಕು, ಗಂಡ ಒಂದು ಬೆಳಿಗ್ಗೆ ಅಂಗಡಿ ತೆರೆಯದೆ ಕಾರಿನ ಡಿಕ್ಕಿ ತೆರೆದರು. ಬೋಲ್ಟು ಬಿಚ್ಚಿ ಒಂದೊಂದನ್ನೇ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟರು. ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು.

"ಯಪ್ಪಾ, ಆ ಗಾಡೀನ ಮಾರಿ ಕೈ ತೊಳ್ಕೊ. ಅದರ ಮಾರಿ ನೋಡೂದ ಬ್ಯಾಡ ನನಗ."

"ಮಾರತೇನಿಬೇ. ಇದೊಂದು ರಿಪೇರಿ ಆಗ್ಲಿ."

ಮೊದಲು ಸಿಕ್ಕ ದೋಷ ಸರಳವಾಗಿತ್ತು. ಇಂಜಿನ್ನಿನ ಮಗ್ಗುಲಿಗೆ, ತಂಪು ಮಾಡುವ ಗ್ಯಾಸು ಒತ್ತುವ ಕಂಪ್ರೆಸರ್ ಇರುತ್ತದೆ. ಅದನ್ನು ತಿರುಗಿಸುವ ರಬ್ಬರಿನ ಪಟ್ಟಾನೇ ಇರಲಿಲ್ಲ. ಚಳಿಗಾಲದಲ್ಲಿ ಬೇಡವೆಂದು ಹಳೆಯ ಮಾಲೀಕರು ತೆಗೆಸಿದ್ದರಂತೆ, ಮತ್ತೆ ಹಾಕಿಸಿರಲಿಲ್ಲ. ಗಂಡ ಅಂಗಡಿಯಲ್ಲಿದ್ದ ಪಟ್ಟಾಗಳನ್ನು ಒಂದೊಂದೇ ಅಳೆದು ನೋಡಿ, ಕೂಡುವಂಥದ್ದನ್ನು ಕೂಡಿಸಿದರು. ಡಿಕ್ಕಿಯೊಳಗಿನ ಪಂಖಾ ತಿರುಗಲಿಲ್ಲ. ಅದರ ತಂತಿಯ ತುದಿ ಹಸಿರುಗಟ್ಟಿ ಕೊಳೆತಿತ್ತು. ಕತ್ತರಿಸಿ ಹೊಸದಾಗಿ ಜೋಡಿಸಿದರು. ಆಮೇಲೆ ನನ್ನನ್ನು ಕರೆದರು.

"ಏ, ಸ್ವಲ್ಪ ಬಾ. ಹಿಂದ ಕುಂಡ್ರು. ಗಾಳಿ ತಂಪು ಐತೋ ಇಲ್ಲೋ ಹೇಳು."

ನಾನು ಹೋಗಿ ಕುಳಿತೆ. ಅತ್ತೆ ಒಳಗಿನಿಂದ ಏನೋ ಅಂದರು, ಇವರು ಕೇಳಲಿಲ್ಲ. ಗಾಜುಗಳನ್ನೆಲ್ಲ ಏರಿಸಿ ಬಬಲೇಶ್ವರದ ದಾರಿ ಹಿಡಿದರು. ತಿಕೋಟಾ ದಾರಿಗೆ ಅವರು ಹೋಗುವುದನ್ನೇ ಬಿಟ್ಟಿದ್ದರು. ಆ ಕಡೆಯ ರೈತರಿಗೆ ಏನಾದರೂ ನೆವ ಹೇಳಿ ಬೇರೆ ಮಿಸ್ತ್ರಿಯನ್ನು ಕಳಿಸುತ್ತಿದ್ದರು.

"ಬಂತೇನು?"

"ಗಾಳಿ ಬರ್ತೈತ್ರಿ. ತಂಪಿಲ್ಲ."

ಇಷ್ಟೇ ನಮ್ಮ ಮಾತು. ಬೆವರಿಗೆ ಕುಪ್ಪಸ ತೊಯ್ದು ಸೀಟಿಗೆ ಅಂಟುತ್ತಿತ್ತು. ಬೇಡ ಎನ್ನಬೇಕು ಅಂತಲೂ ಅನಿಸಲಿಲ್ಲ. ಆಮೇಲೆ ಇವರು ಕರೆದಾಗಲೆಲ್ಲ ಹೋದೆ. ಕಾರಿನಲ್ಲಿ ಕುಳಿತರೆ ಬಂದವರಿಗೆ ಮುಖ ತೋರಿಸಬೇಕಾಗಿಲ್ಲ, ಅಷ್ಟು ಸಾಕಾಗಿತ್ತು.

ಇಂಜಿನ್ನಿನಿಂದ ಡಿಕ್ಕಿಗೆ ಹೋಗುವ ಸಣ್ಣ ಕೊಳವೆಗಳಲ್ಲಿ ಗ್ಯಾಸೇ ಇಲ್ಲ ಎಂಬುದು ಇವರಿಗೆ ಹೊಳೆಯಿತು. ಸೊಲ್ಲಾಪುರದ ಐಸ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮಿಸ್ತ್ರಿಗೆ ಹೇಳಿ ಕಳಿಸಿದರು. ಆತ ರೈಲಿನಲ್ಲಿ ಸಿಲಿಂಡರ್ ಹಾಕಿಕೊಂಡು ಬಂದ. ದಪ್ಪ ಮೀಸೆಯ, ನಿಧಾನದ ಮನುಷ್ಯ. ಗ್ಯಾಸು ತುಂಬಿಸಿದ. ಆ ಮಧ್ಯಾಹ್ನ ಮೊದಲ ಸಲ ಜಾಲರಿಯಿಂದ ತಣ್ಣಗೆ ಬಂತು. "ತಂಪೈತ್ರಿ" ಅಂದೆ. ಗಂಡ ಹಿಂದಿರುಗಿ ನನ್ನ ಮುಖ ನೋಡಿದರು. ನಾವು ಬಬಲೇಶ್ವರ ಮುಟ್ಟುವಷ್ಟರಲ್ಲಿ ಗಾಳಿ ಮತ್ತೆ ಬೆಚ್ಚಗಾಗಿತ್ತು.

ಮಿಸ್ತ್ರಿ ಮರುದಿನ ಬಟ್ಟಲಿನಲ್ಲಿ ಸಾಬೂನಿನ ನೊರೆ ಕಲಸಿಕೊಂಡು, ಬ್ರಷ್ಷಿನಿಂದ ಒಂದೊಂದೇ ಜೋಡಣೆಗೆ ಹಚ್ಚುತ್ತಾ ಹೋದ. ಗ್ಯಾಸು ಸೋರುವಲ್ಲಿ ಗುಳ್ಳೆ ಏಳಬೇಕು. ಕೊಳವೆಗಳೆಲ್ಲ ಗಟ್ಟಿ ಇದ್ದವು. ಕೊನೆಗೆ ಕಂಪ್ರೆಸರಿನ ತಿರುಗುವ ದಂಡ ಹೊರಗೆ ಬರುವ ಜಾಗದಲ್ಲಿ ಗುಳ್ಳೆಗಳು ಎದ್ದವು, ಅಲ್ಲೇ ಎಣ್ಣೆಯ ಕಲೆಯೂ ಇತ್ತು.

"ಸಾವ್ಕಾರ್ರ, ಇದರೊಳಗ ಗ್ಯಾಸು ಹಿಡಿಯೂ ಸೀಲು ಒಣಗೇತ್ರಿ. ಭಾಳ ದಿನ ಬಂದ್ ಇಟ್ರ ಹಿಂಗ ಆಗ್ತೈತಿ. ಮುಂಬೈಯಿಂದ ತರಸ್ಬೇಕು."

"ಎಷ್ಟ್ ದಿನಕ್ಕ ಬಂದೀತು?"

"ಬರೂವಾಗ ಬರ್ತೈತ್ರಿ. ಮಳಿಗಾಲ ಬರಾಕತ್ತೇತಿ, ಈಗೇನ್ ಅವಸರ?"

ಗಂಡ ಅಂದೇ ಮುಂಬೈಗೆ ಕಾಗದ ಬರೆದರು. ಮುಂಬೈನ ಪಾರ್ಸಲು ಬರುವವರೆಗೆ ದಿನಾ ಸ್ಟೇಷನ್ನಿಗೆ ಹೋಗಿ ಕೇಳಿ ಬರುತ್ತಿದ್ದರು. ಊಟದಲ್ಲಿ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕುಳಿತುಬಿಡುತ್ತಿದ್ದರು. ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು, "ಯವ್ವಾ, ನೀನಾರ ಏನರ ಹೇಳಬೇ ಅವಂಗ. ಹಿಂಗಾದ್ರ ಹೆಂಗ?" ಎಂದು ಕೇಳಿದರು. ಹೂಂ ಅಂದೆ. ಏನು ಹೇಳಬೇಕೆಂದು ಹುಡುಕುವಷ್ಟು ಶಕ್ತಿ ನನ್ನೊಳಗೆ ಇರಲಿಲ್ಲ. ಅವರು ದುಃಖಪಡುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ದೂರದ ಹೊಲದಲ್ಲಿ ಯಾರೋ ಕೆಲಸ ಮಾಡುವುದು ಕಂಡ ಹಾಗೆ.

ಸೀಲು ಬಂತು. ಮಿಸ್ತ್ರಿ ಮತ್ತೆ ಬಂದು ಕೂಡಿಸಿ, ಗ್ಯಾಸು ತುಂಬಿದ. ಈ ಸಲ ಸೋರಲಿಲ್ಲ. ಆದರೆ ಯಂತ್ರ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಇಂಜಿನ್ ಕಾಯತೊಡಗಿತು. ಕಾವು ತೋರಿಸುವ ಸೂಜಿ ಮೇಲೇರುವುದನ್ನು ಕಂಡು ಇವರು ತಟ್ಟನೆ ಯಂತ್ರ ಬಂದ್ ಮಾಡಿದರು. ಊರಾಚೆಯೇ ನಿಲ್ಲಿಸಿ ಮರಳಿ ತಂದರು. ಮಿಸ್ತ್ರಿ ಮುಂದಿನ ಜಾಲರಿಗೆ ಬೆರಳು ಹಾಕಿ ತೋರಿಸಿದ. ರೇಡಿಯೇಟರಿನ ಮುಂದೆ, ಗ್ಯಾಸು ತಣ್ಣಗಾಗುವ ಇನ್ನೊಂದು ಜಾಲರಿ ಇತ್ತು. ಎರಡರ ನಡುವೆ ಎರೆಮಣ್ಣಿನ ಧೂಳು, ಹತ್ತಿಯ ಎಳೆ, ಸತ್ತ ಹುಳ ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಗಾಳಿ ಹಾಯುವುದಕ್ಕೆ ದಾರಿಯೇ ಇರಲಿಲ್ಲ. ಗಂಡ ತಾವೇ ಕುಳಿತು ಅದನ್ನು ಕೆರೆದು, ಬ್ರಷ್ಷಿನಿಂದ ತಿಕ್ಕಿದರು. ನಾನು ಕೊಡ ಹಿಡಿದು ನೀರು ಹೊಯ್ದೆ. ಕಪ್ಪು ನೀರು ಅಂಗಳದ ತುಂಬ ಹರಿಯಿತು.

"ಆವತ್ತೂ ಇದ ಇತ್ತು, ಇದರ ಸಂದ್ಯಾಗ" ಎಂದರು ತಲೆ ಎತ್ತದೆ.

ಮಿಸ್ತ್ರಿಯನ್ನು ರೈಲಿಗೆ ಕೂಡಿಸಿ ಬಂದ ಮೇಲೆ ಇಬ್ಬರೇ ಹೊರಟೆವು. ಮಳೆ ಇನ್ನೂ ಹಿಡಿದಿರಲಿಲ್ಲ, ಬಿಸಿಲು ಜೋರಾಗಿಯೇ ಇತ್ತು. ಗಾಜು ಏರಿಸಿದರು. ಬಬಲೇಶ್ವರ ಮುಟ್ಟಿದೆವು, ಗಾಳಿ ತಣ್ಣಗೇ ಇತ್ತು, ಇಂಜಿನ್ ಕಾಯಲಿಲ್ಲ. ಅಲ್ಲಿ ಚಹಾ ಕುಡಿಯಬಹುದು ಅಂದುಕೊಂಡೆ. ಅವರು ನಿಲ್ಲಿಸದೆ ತಿಕೋಟಾ ಕಡೆಯ ಕಚ್ಚಾ ದಾರಿಗೆ ಗಾಡಿ ತಿರುಗಿಸಿದರು. ತಿಕೋಟಾ ಮುಟ್ಟಿ, ವಿಜಯಪುರದ ದಾರಿ ಹಿಡಿದು, ಆ ಬಾವಿ ಇದ್ದ ಹೊಲದ ಎದುರು ಗಾಡಿ ನಿಲ್ಲಿಸಿದರು. ಇಂಜಿನ್ ಬಂದ್ ಮಾಡಲಿಲ್ಲ.

ಒಳಗೆ ಎಷ್ಟು ತಂಪಾಗಿತ್ತೆಂದರೆ ನಾನು ಸೆರಗನ್ನು ಮೈತುಂಬ ಹೊದ್ದುಕೊಂಡಿದ್ದೆ. ಹೊರಗೆ ಆಡು ಕಾಯುವ ಹೆಂಗಸೊಬ್ಬಳು ನಿಂತು ಗಾಜಿನೊಳಗೆ ಇಣುಕಿ ಮುಂದೆ ಹೋದಳು.

"ತಂಪಾತೇನು?" ಎಂದರು.

"ಆತ್ರಿ."

"ಆವತ್ತ ಇದು ನಡದಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದರು. ಬಾವಿಯ ಕಡೆ ನೋಡುತ್ತಾ, "ಇಲ್ಲೆ ನಿಂತದ್ದಕ್ಕ ಹೋತು ಕೂಸು. ನಾ ನೀರು ತರೂದ್ರಾಗ" ಎಂದರು.

"ಇಲ್ಲೆ ಅಲ್ಲರಿ."

ಹಿಂದಿರುಗಿ ನೋಡಿದರು.

"ತಿಕೋಟಾ ಬರೂಕಿಂತ ಮದ್ಲ ಹೋಗಿತ್ರಿ. ನನ್ನ ತೊಡಿ ಮ್ಯಾಲ ಇತ್ತಲ್ಲ, ನನಗ ಗೊತ್ತಾತು. ನೀವು ಇಲ್ಲಿ ನಿಂದ್ರಸೂಮುಂದ ಅದು ಇರಲೇ ಇಲ್ಲ. ಕಾವಿಗೆ ಹೋಗಿದ್ದೂ ಅಲ್ಲ. ಡಾಕ್ಟರು ಹೇಳ್ಯಾರ, ನೀವು ಕೇಳಲಿಲ್ಲ."

"ಮಲಗೇತಿ ಅಂದಿ?"

"ಹೂಂ."

"ಯಾಕ ಹೇಳಲಿಲ್ಲ?"

"ಏನ್ ಹೇಳ್ಲಿ? ನೀವು ಗಾಡಿ ಓಡಸಾಕತ್ತಿದ್ರಿ."

ಅವರು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದುಕೊಂಡು, ಅದರ ಮೇಲೆ ಹಣೆ ಇಟ್ಟು ಅತ್ತರು. ಗಂಡಸು ಹಾಗೆ ದನಿ ತೆಗೆದು ಅಳುವುದನ್ನು ನಾನು ಮೊದಲ ಸಲ ಕಂಡದ್ದು. ನಾನು ಮುಂದಿನ ಸೀಟಿನ ಮೇಲಿನಿಂದ ಕೈ ಚಾಚಿ ಅವರ ಬೆನ್ನಿನ ಮೇಲೆ ಇಟ್ಟೆ. ಅಂಗಿಯ ಬಟ್ಟೆ ತಣ್ಣಗಿತ್ತು. ಆಗಲೂ ನನಗೆ ಅಳು ಬರಲಿಲ್ಲ. ಕೈ ಎಷ್ಟು ಹೊತ್ತು ಇಡಬೇಕು ಎಂದು ಮಾತ್ರ ಯೋಚಿಸುತ್ತಿದ್ದೆ.

ಆಮೇಲೆ ಅವರು ಮುಖ ಒರೆಸಿಕೊಂಡು ಯಂತ್ರ ನಿಲ್ಲಿಸಿ, ಗಾಜುಗಳನ್ನೆಲ್ಲ ಇಳಿಸಿ ಮನೆಗೆ ಕರೆತಂದರು. ರಾತ್ರಿ ಊಟಕ್ಕೆ ಕುಳಿತಾಗ ಮತ್ತೊಂದು ರೊಟ್ಟಿ ಕೇಳಿದರು. ಅತ್ತೆ ನನ್ನ ಕಡೆ ನೋಡಿದರು, ನಾನು ಬಡಿಸಿದೆ.

ಕೂಸು ಹೋದಂದಿನಿಂದ ಅವರು ನನ್ನ ತವರಿನವರ ಎದುರು ಬಂದಿರಲಿಲ್ಲ. ಅಪ್ಪ ಎರಡು ಸಲ ನಮ್ಮ ಮನೆಗೆ ಬಂದಾಗಲೂ ಅಂಗಡಿಯಿಂದಲೇ ಎದ್ದು ಹೊರಗೆ ಹೋಗಿದ್ದರು. ಆ ವಾರವೇ ಘೋಣಸಗಿಗೆ ಹೋಗೋಣವೆಂದು ತಾವಾಗಿ ಹೇಳಿದರು. ಹೋದೆವು. ಅವ್ವ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು. ಅಪ್ಪ ಅಳಿಯನ ಕೈಗೆ ನೀರಿನ ತಂಬಿಗೆ ಕೊಟ್ಟು, "ಬರ್ರಿ, ಒಳಗ ಬರ್ರಿ" ಎಂದಷ್ಟೇ ಹೇಳಿದರು. ಊಟವಾದ ಮೇಲೆ ಇವರು ಜಗಲಿಯ ಮೇಲೆ ಮಲಗಿ, ಬಿಸಿಲು ಇಳಿಯುವವರೆಗೆ ನಿದ್ದೆ ಮಾಡಿದರು. ಬೇಸಿಗೆಯುದ್ದಕ್ಕೂ ಬಾಕಿ ಉಳಿದಿದ್ದ ನಿದ್ದೆ ಅದು. ನೊಣ ಬರದ ಹಾಗೆ ಅವ್ವ ಬೀಸುತ್ತಾ ಕುಳಿತಿದ್ದಳು.

ಹೊರಡುವಾಗ ಅಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ, "ತಂಪು ಗಾಳಿ ಬರ್ತೈತೇನ್ರಿ ಇದರಾಗ? ನಾನೂ ನೋಡೂಣು" ಎಂದರು. ಇವರು ಯಂತ್ರ ಹಚ್ಚಿ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ಬಾಗಿಲು ಮುಚ್ಚಿದರು. ಅಪ್ಪ ತಲೆಯ ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತರು. ಸ್ವಲ್ಪ ಹೊತ್ತಿಗೆ ಗಾಜು ಬಡಿದರು.

"ಬಂದ್ ಮಾಡ್ರಿ ಮಾರಾಯ್ರ, ನನಗ ಥಂಡಿ ಹತ್ತಾಕತ್ತೇತಿ. ಮೂಗು ಸೋರ್ತೈತಿ" ಎಂದು ಪಟಗಾ ಸುತ್ತಿಕೊಳ್ಳುತ್ತಾ ಇಳಿದರು.

ಇವರು ನಕ್ಕರು. ಸಣ್ಣಗೆ, ಮೂಗಿನಲ್ಲಿ. ಅವ್ವನೂ ಸೆರಗು ಬಾಯಿಗೆ ಹಿಡಿದಳು. ನನಗೆ ನಗು ಬರಲಿಲ್ಲ. ಆದರೆ ಅವರು ನಕ್ಕದ್ದು ನನಗೆ ಸರಿಯಾಗಿ ಕೇಳಿಸಿತು. ಈ ಸಲ ಮುಂದಿನ ಬಾಗಿಲು ತೆಗೆದು, ಅವರ ಮಗ್ಗುಲಿಗೆ ಕುಳಿತೆ.